ಟಕ್ ಟಕ್ ಗುಂಡುಗಳು ನಿಲ್ಲುವುದೇ ಇಲ್ಲವೇ? ನುಜ್ಜುಗುಜ್ಜಾಗುವ ಕಾರು ಕಳಪೆಯೇ? ಡಿಕ್ಕಿಯ ಹಿಂದಿರುವ ಎರಡು ಲೆಕ್ಕಗಳು

ಎರಡು ಬಗೆಯ ಫಾರ್ವರ್ಡ್‌ಗಳು ನಮ್ಮ ಫೋನ್‌ಗಳಿಗೆ ಮತ್ತೆ ಮತ್ತೆ ಬರುತ್ತಿರುತ್ತವೆ. ಮೊದಲನೆಯದು ಒಂದು ವಿಡಿಯೊ. ಚೌಕಟ್ಟಿಗೆ ದಾರದಿಂದ ತೂಗುಹಾಕಿದ ಐದು ಸ್ಟೀಲ್ ಗುಂಡುಗಳು ಟಕ್ ಟಕ್ ಎಂದು ಬಡಿದುಕೊಳ್ಳುತ್ತಿರುತ್ತವೆ. ಈ ತುದಿಯ ಗುಂಡು ಬಂದು ಬಡಿದರೆ ಆ ತುದಿಯ ಗುಂಡು ಹಾರುತ್ತದೆ, ನಡುವಿನ ಮೂರು ಅಲುಗುವುದೇ ಇಲ್ಲ. ಕರೆಂಟ್ ಬೇಡ, ಬ್ಯಾಟರಿ ಬೇಡ, ಒಮ್ಮೆ ತಳ್ಳಿದರೆ ನಿಲ್ಲದೆ ಓಡುತ್ತದೆ ಎಂಬ ಧಾಟಿಯ ಒಕ್ಕಣೆ ಅದರ ಕೆಳಗಿರುತ್ತದೆ. ಎರಡನೆಯದು ಒಂದು ಫೋಟೊ. ಅಪಘಾತದಲ್ಲಿ ಮುಂಭಾಗ ಮುದ್ದೆಯಾದ ಹೊಸ ಕಾರು. ಹಿಂದಿನ ಗಾಡಿಗಳು ಕಬ್ಬಿಣ, ಈಗಿನವು ಬರೀ ತಗಡಿನ ಡಬ್ಬ ಎಂಬ ತೀರ್ಪು.

ಮೊದಲನೆಯದನ್ನು ನಂಬಿದರೆ ಹೆಚ್ಚೆಂದರೆ ದುಡ್ಡು ಹೋದೀತು. ಎರಡನೆಯದನ್ನು ನಂಬಿ ಗಾಡಿಯನ್ನೋ ಹೆಲ್ಮೆಟನ್ನೋ ಆರಿಸಿಕೊಂಡರೆ ಜೀವವೇ ಹೋಗಬಹುದು. ವಿಶೇಷವೆಂದರೆ ಎರಡಕ್ಕೂ ಉತ್ತರ ಶಾಲೆಯ ವಿಜ್ಞಾನದ ಒಂದೇ ಪಾಠದಲ್ಲಿದೆ. ಅದನ್ನು ಇಲ್ಲಿ ಬಿಡಿಸಿ ನೋಡೋಣ.

ಸಂಕ್ಷಿಪ್ತ ಉತ್ತರ

ಯಾವುದೇ ಡಿಕ್ಕಿಯಲ್ಲಿ ಸಂವೇಗದ ಒಟ್ಟು ಮೊತ್ತ ಬದಲಾಗುವುದಿಲ್ಲ. ಆದರೆ ಚಲನ ಶಕ್ತಿ ಹಾಗಲ್ಲ. ಎಲಾಸ್ಟಿಕ್ ಡಿಕ್ಕಿಯಲ್ಲಿ ಮಾತ್ರ ಅದು ಪೂರ್ತಿ ಉಳಿಯುತ್ತದೆ. ಉಳಿದ ಡಿಕ್ಕಿಗಳಲ್ಲಿ ಅದರ ಒಂದು ಪಾಲು ಶಾಖವಾಗಿ, ಶಬ್ದವಾಗಿ, ವಸ್ತುವನ್ನು ಬಾಗಿಸುವ ಕೆಲಸವಾಗಿ ಬೇರೆ ರೂಪಕ್ಕೆ ಹೋಗುತ್ತದೆ. ಸ್ಟೀಲ್ ಗುಂಡುಗಳಲ್ಲಿ ಈ ಪಾಲು ತೀರಾ ಕಡಿಮೆ, ಆದ್ದರಿಂದ ಅವು ಬಹಳ ಹೊತ್ತು ಆಡುತ್ತವೆ, ಆದರೆ ಕೊನೆಗೆ ನಿಂತೇ ನಿಲ್ಲುತ್ತವೆ. ಕಾರಿನ ಮುಂಭಾಗದಲ್ಲಿ ಈ ಪಾಲು ಹೆಚ್ಚಿರಲಿ ಎಂದೇ ಬೇಕೆಂದು ವಿನ್ಯಾಸ ಮಾಡಿರುತ್ತಾರೆ. ಒಳಗೆ ಕುಳಿತವರು ಉಳಿಯುವುದು ಅದರಿಂದಲೇ.

ಸಂವೇಗ, ಚಲನ ಶಕ್ತಿ: ಇವೆರಡೂ ಒಂದೇ ಅಲ್ಲವೇ?

ಅಲ್ಲ. ಗೊಂದಲ ಶುರುವಾಗುವುದೇ ಇಲ್ಲಿಂದ.

ಸಂವೇಗ ಎಂದರೆ ವಸ್ತುವಿನ ದ್ರವ್ಯರಾಶಿಯನ್ನು ಅದರ ವೇಗದಿಂದ ಗುಣಿಸಿದಾಗ ಬರುವ ಮೊತ್ತ. ಇದಕ್ಕೆ ದಿಕ್ಕು ಇದೆ. ಬಲಕ್ಕೆ ಹೋಗುವುದನ್ನು ಜಮಾ ಎಂದು ಹಿಡಿದರೆ ಎಡಕ್ಕೆ ಹೋಗುವುದು ಖರ್ಚು. ಎದುರುಬದುರಾಗಿ ಸಮ ವೇಗದಲ್ಲಿ ಬರುವ ಎರಡು ಸಮಾನ ಗೋಲಿಗಳ ಒಟ್ಟು ಸಂವೇಗ ಸೊನ್ನೆ.

ಚಲನ ಶಕ್ತಿ ಎಂದರೆ ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದ ಮೊತ್ತ. ಇದಕ್ಕೆ ದಿಕ್ಕಿಲ್ಲ. ಎದುರುಬದುರಾಗಿ ಬಂದರೂ ಎರಡು ಗೋಲಿಗಳ ಶಕ್ತಿ ಒಂದನ್ನೊಂದು ಕಳೆಯುವುದಿಲ್ಲ, ಕೂಡಿಕೊಳ್ಳುತ್ತದೆ. ವೇಗ ದುಪ್ಪಟ್ಟಾದರೆ ಸಂವೇಗ ದುಪ್ಪಟ್ಟಾಗುತ್ತದೆ, ಆದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ. ನಲವತ್ತರಲ್ಲಿ ಹೋಗುವ ಬೈಕಿಗಿಂತ ಎಂಬತ್ತರಲ್ಲಿ ಹೋಗುವ ಅದೇ ಬೈಕು ನಾಲ್ಕು ಪಟ್ಟು ಅಪಾಯವನ್ನು ಹೊತ್ತಿರುತ್ತದೆ ಎನ್ನುವುದು ಇದಕ್ಕೇ.

ಸಂವೇಗ ಏಕೆ ಉಳಿಯುತ್ತದೆ? ಡಿಕ್ಕಿಯಲ್ಲಿ ಮೊದಲನೆಯದು ಎರಡನೆಯದನ್ನು ಎಷ್ಟು ಬಲದಿಂದ ತಳ್ಳುತ್ತದೋ, ಎರಡನೆಯದು ಮೊದಲನೆಯದನ್ನು ಅಷ್ಟೇ ಬಲದಿಂದ, ಅಷ್ಟೇ ಹೊತ್ತು, ಎದುರು ದಿಕ್ಕಿಗೆ ತಳ್ಳುತ್ತದೆ. ಇದು ನ್ಯೂಟನ್ನನ ಮೂರನೆಯ ನಿಯಮ. ಹಾಗಾಗಿ ಒಂದು ಗಳಿಸಿದ್ದನ್ನೇ ಇನ್ನೊಂದು ಕಳೆದುಕೊಳ್ಳುತ್ತದೆ. ಕಲ್ಲಾಗಲಿ, ಜೇಡಿಮಣ್ಣಾಗಲಿ, ಕಾರಾಗಲಿ, ಈ ಲೆಕ್ಕ ತಪ್ಪುವುದಿಲ್ಲ.

ಹಾಗಾದರೆ ಗೋಡೆಗೆ ಎಸೆದ ಚೆಂಡು ವಾಪಸ್ ಬಂದಾಗ ಅದರ ಸಂವೇಗ ಉಲ್ಟಾ ಆಯಿತಲ್ಲ ಎಂದು ನೀವು ಕೇಳಬಹುದು. ಆ ವ್ಯತ್ಯಾಸವನ್ನು ಗೋಡೆ, ಅದರ ಮೂಲಕ ಇಡೀ ಭೂಮಿ ತೆಗೆದುಕೊಳ್ಳುತ್ತದೆ. ಭೂಮಿ ಅಷ್ಟು ಭಾರವಾದ್ದರಿಂದ ಅದರ ಅಲುಗಾಟ ಯಾವ ಅಳತೆಗೂ ಸಿಗುವುದಿಲ್ಲ.

ಕೇರಂ ಬೋರ್ಡಿನಲ್ಲಿ ಲೆಕ್ಕ ಹಾಕಿ ನೋಡೋಣ

ಕೇರಂ ಸ್ಟ್ರೈಕರ್ 15 ಗ್ರಾಂ, ಕಾಯಿ 5 ಗ್ರಾಂ ಎಂದಿಟ್ಟುಕೊಳ್ಳಿ. ಸ್ಪರ್ಧೆಗಳಲ್ಲಿ ಬಳಸುವ ತೂಕಕ್ಕೆ ಇದು ಹತ್ತಿರ. ಸ್ಟ್ರೈಕರ್ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ನಿಂತ ಕಾಯಿಗೆ ನೇರವಾಗಿ ಬಡಿಯುತ್ತದೆ. ಡಿಕ್ಕಿ ಪೂರ್ತಿ ಎಲಾಸ್ಟಿಕ್ ಎಂದುಕೊಂಡರೆ, ಡಿಕ್ಕಿಯ ನಂತರ ಸ್ಟ್ರೈಕರ್ ಅದೇ ದಿಕ್ಕಿನಲ್ಲಿ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಸಾಗುತ್ತದೆ, ಕಾಯಿ 3 ಮೀಟರ್ ವೇಗದಲ್ಲಿ ಹಾರುತ್ತದೆ.

ಸರಿಯೇ? ಪರೀಕ್ಷಿಸೋಣ.

- ಸಂವೇಗ: ಮೊದಲು 15 × 2 = 30. ನಂತರ (15 × 1) + (5 × 3) = 30. ಸರಿಹೋಯಿತು.
- ಚಲನ ಶಕ್ತಿ: ಮೊದಲು ಅರ್ಧ × 15 × 4 = 30 ಮಿಲಿಜೂಲ್. ನಂತರ (ಅರ್ಧ × 15 × 1) + (ಅರ್ಧ × 5 × 9) = 7.5 + 22.5 = 30 ಮಿಲಿಜೂಲ್. ಇದೂ ಸರಿಹೋಯಿತು.

ಎರಡೂ ಕಡೆ 30 ಬಂದದ್ದು ನಾವು ಆರಿಸಿದ ಅಂಕಿಗಳಿಂದಾದ ಕಾಕತಾಳೀಯ. ಮುಖ್ಯವಾದ ವಿಷಯ ಬೇರೆ. ಹೊಡೆದ ಸ್ಟ್ರೈಕರಿಗಿಂತ ಹೊಡೆಸಿಕೊಂಡ ಕಾಯಿ ಜೋರಾಗಿ ಹೋಯಿತು. ಇದು ಮಾಯೆಯಲ್ಲ, ಹೊಸ ಶಕ್ತಿ ಹುಟ್ಟಿದ್ದೂ ಅಲ್ಲ. ಭಾರವಾದದ್ದು ಹಗುರವಾದದ್ದಕ್ಕೆ ಬಡಿದಾಗ ಹೀಗಾಗುವುದು ಸಹಜ. ಇನ್ನು ಕಾಯಿಯಿಂದ ಅದೇ ತೂಕದ ಕಾಯಿಗೆ ನೇರವಾಗಿ ಹೊಡೆದರೆ, ಬಂದ ಕಾಯಿ ಅಲ್ಲೇ ನಿಂತು, ನಿಂತಿದ್ದ ಕಾಯಿ ಅದರ ವೇಗವನ್ನು ಪಡೆದು ಹೋಗುತ್ತದೆ. ಗೋಲಿ ಆಡಿದವರೆಲ್ಲ ಇದನ್ನು ಕಂಡಿರುತ್ತಾರೆ.

ನಿಜವಾದ ಬೋರ್ಡಿನಲ್ಲಿ ಕಾಯಿಯ ವೇಗ 3 ಮೀಟರಿಗಿಂತ ಸ್ವಲ್ಪ ಕಡಿಮೆಯೇ ಇರುತ್ತದೆ. ಟಪ್ ಎಂಬ ಸದ್ದು ಕೇಳಿತಲ್ಲ, ಆ ಸದ್ದಿಗೂ ಶಕ್ತಿ ಇಲ್ಲಿಂದಲೇ ಹೋಗಬೇಕು.

ಐದು ಗುಂಡುಗಳ ಆಟಿಕೆ: ಒಂದೇ ಏಕೆ ಹಾರುತ್ತದೆ?

ಈಗ ಮೊದಲ ಫಾರ್ವರ್ಡ್‌ಗೆ ಬರೋಣ. ಈ ಆಟಿಕೆಗೆ ನ್ಯೂಟನ್ನನ ತೊಟ್ಟಿಲು ಎಂದು ಹೆಸರು. ಹೆಸರು ನ್ಯೂಟನ್ನನದಾದರೂ ತೂಗುವ ಗುಂಡುಗಳನ್ನು ಡಿಕ್ಕಿ ಹೊಡೆಸುವ ಪ್ರಯೋಗ ಅವನಿಗಿಂತ ಹಳೆಯದು. 1660ರ ದಶಕದ ಕೊನೆಯಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಡಿಕ್ಕಿಯ ನಿಯಮಗಳೇನು ಎಂದು ವಿದ್ವಾಂಸರನ್ನು ಕೇಳಿದಾಗ ಜಾನ್ ವಾಲಿಸ್, ಕ್ರಿಸ್ಟೋಫರ್ ರೆನ್ ಮತ್ತು ಕ್ರಿಸ್ಟಿಯಾನ್ ಹೈಗೆನ್ಸ್ ಉತ್ತರ ಬರೆದರು. ಫ್ರಾನ್ಸಿನ ಎದ್ಮ್ ಮರಿಯೊಟ್ ತೂಗುಗುಂಡುಗಳಿಂದ ಅದನ್ನು ತೋರಿಸಿದ. 1687ರಲ್ಲಿ ಪ್ರಕಟವಾದ ತನ್ನ ಪ್ರಿನ್ಸಿಪಿಯಾ ಗ್ರಂಥದಲ್ಲಿ ನ್ಯೂಟನ್ ಇವರೆಲ್ಲರನ್ನೂ ಹೆಸರಿಸಿದ್ದಾನೆ.

ಒಂದು ಗುಂಡು ಬಡಿದರೆ ಆ ಕಡೆಯಿಂದ ಎರಡು ಗುಂಡುಗಳು ಅರ್ಧ ವೇಗದಲ್ಲಿ ಏಕೆ ಹೋಗಬಾರದು? ಸಂವೇಗದ ಲೆಕ್ಕವೊಂದನ್ನೇ ನೋಡಿದರೆ ಇದಕ್ಕೆ ಯಾವ ಅಡ್ಡಿಯೂ ಇಲ್ಲ. 100 ಗ್ರಾಂನ ಒಂದು ಗುಂಡು ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಬಂದರೆ ಸಂವೇಗ 100. ಎರಡು ಗುಂಡು ಅರ್ಧ ಮೀಟರ್ ವೇಗದಲ್ಲಿ ಹೋದರೂ 200 × 0.5 = 100.

ಆದರೆ ಶಕ್ತಿಯ ಲೆಕ್ಕ ನೋಡಿ. ಬಂದ ಗುಂಡಿನ ಶಕ್ತಿ 50 ಮಿಲಿಜೂಲ್. ಅರ್ಧ ವೇಗದ ಎರಡು ಗುಂಡುಗಳ ಶಕ್ತಿ ಬರೀ 25 ಮಿಲಿಜೂಲ್. ಉಳಿದ 25 ಎಲ್ಲಿಗೆ ಹೋಯಿತು? ಸ್ಟೀಲ್ ಗುಂಡುಗಳು ಒತ್ತಿಕೊಂಡು ತಕ್ಷಣ ಮೊದಲಿನ ಆಕಾರಕ್ಕೆ ಪುಟಿಯುವುದರಿಂದ ಅಷ್ಟು ಶಕ್ತಿ ನುಂಗುವ ದಾರಿ ಅಲ್ಲಿಲ್ಲ. ಹಾಗಾಗಿ ಆ ಫಲಿತಾಂಶ ಸಾಧ್ಯವಿಲ್ಲ. ಎರಡು ಲೆಕ್ಕವೂ ಒಟ್ಟಿಗೆ ಸರಿಹೋಗಬೇಕಾದರೆ ಒಂದು ಬಂದಾಗ ಒಂದು, ಎರಡು ಬಂದಾಗ ಎರಡು ಹೋಗಬೇಕು.

ಇನ್ನೂ ಖಚಿತವಾಗಿ ಹೇಳುವುದಾದರೆ, ಐದು ಗುಂಡುಗಳಿಗೆ ಈ ಎರಡು ಲೆಕ್ಕಗಳಷ್ಟೇ ಸಾಲದು. ಲೆಕ್ಕ ಸರಿಹೋಗುವ ಬೇರೆ ಉತ್ತರಗಳೂ ಸಿಗುತ್ತವೆ. ಗುಂಡುಗಳ ನಡುವೆ ಕಣ್ಣಿಗೆ ಕಾಣದಷ್ಟು ಸಂದು ಇದೆ ಎಂದುಕೊಂಡರೆ ವಿಷಯ ಸುಲಭ. ಮೊದಲನೆಯದು ಎರಡನೆಯದಕ್ಕೆ, ಎರಡನೆಯದು ಮೂರನೆಯದಕ್ಕೆ ಹೀಗೆ ಸಾಲಾಗಿ ಡಿಕ್ಕಿಗಳು ನಡೆಯುತ್ತವೆ. ಪ್ರತಿ ಡಿಕ್ಕಿಯಲ್ಲೂ ಬಂದದ್ದು ನಿಂತು, ನಿಂತಿದ್ದು ಹೊರಡುತ್ತದೆ. ಕೊನೆಯದಕ್ಕೆ ಮುಂದೆ ಯಾರೂ ಇಲ್ಲ, ಅದು ಹಾರುತ್ತದೆ.

ಮನೆಯಲ್ಲೇ ಮಾಡಿ ನೋಡಿ. ಒಂದೇ ಬಗೆಯ ನಾಲ್ಕೈದು ನಾಣ್ಯಗಳನ್ನು ಕೇರಂ ಬೋರ್ಡಿನ ಮೇಲೆ ಒಂದಕ್ಕೊಂದು ತಾಗುವಂತೆ ಸಾಲಾಗಿಡಿ. ಇನ್ನೊಂದು ನಾಣ್ಯವನ್ನು ಬೆರಳಿನಿಂದ ಚಿಮ್ಮಿ ಸಾಲಿಗೆ ನೇರವಾಗಿ ಬಡಿಸಿ. ಆ ತುದಿಯಿಂದ ಒಂದೇ ನಾಣ್ಯ ಜಾರಿ ಹೋಗುತ್ತದೆ. ಎರಡನ್ನು ಜೋಡಿಸಿ ಚಿಮ್ಮಿದರೆ ಎರಡು ಹೋಗುತ್ತವೆ.

ಹಾಗಾದರೆ ಅದು ನಿಲ್ಲದೆ ಓಡುವ ಯಂತ್ರವೇ?

ಅಲ್ಲ. ವಿಡಿಯೊ ಅರ್ಧ ನಿಮಿಷದ್ದು; ಹತ್ತು ನಿಮಿಷ ಚಿತ್ರೀಕರಿಸಿದ್ದರೆ ಸತ್ಯ ಕಾಣುತ್ತಿತ್ತು. ಪ್ರತಿ ಬಡಿತದಲ್ಲೂ ಸ್ವಲ್ಪ ಶಕ್ತಿ ಟಕ್ ಎಂಬ ಶಬ್ದವಾಗುತ್ತದೆ, ಸ್ವಲ್ಪ ಶಾಖವಾಗುತ್ತದೆ. ಗಾಳಿ ತಡೆಯುತ್ತದೆ, ದಾರ ಮತ್ತು ಚೌಕಟ್ಟು ಅಲುಗುತ್ತವೆ. ಸ್ವಲ್ಪ ಹೊತ್ತಿನ ನಂತರ ನಡುವಿನ ಗುಂಡುಗಳೂ ಓಲಾಡತೊಡಗುತ್ತವೆ, ಕೊನೆಗೆ ಐದೂ ಒಟ್ಟಿಗೆ ಮೆಲ್ಲಗೆ ತೂಗಿ ನಿಲ್ಲುತ್ತವೆ. ಅದು ಸದ್ದು ಮಾಡುತ್ತಿದೆ ಎಂಬುದೇ ಅದರಿಂದ ಶಕ್ತಿ ಸೋರುತ್ತಿದೆ ಎಂಬುದಕ್ಕೆ ಸಾಕ್ಷಿ.

ಒಂದು ವೇಳೆ ಏನೂ ಸೋರದ ಆಟಿಕೆ ಸಿಕ್ಕಿತು ಎಂದೇ ಇಟ್ಟುಕೊಳ್ಳಿ. ಆಗಲೂ ಅದರಿಂದ ಒಂದು ಬಲ್ಬ್ ಉರಿಸಲಾಗದು. ನೀವು ಮೊದಲು ಎತ್ತಿ ಬಿಟ್ಟಾಗ ಕೊಟ್ಟಷ್ಟೇ ಶಕ್ತಿ ಅದರಲ್ಲಿರುತ್ತದೆ. ಬಲ್ಬಿಗೆ ತೆಗೆದುಕೊಂಡಷ್ಟೂ ಗುಂಡು ನಿಧಾನವಾಗುತ್ತದೆ. ಸಂರಕ್ಷಣೆ ಎಂದರೆ ಇದ್ದದ್ದು ಉಳಿಯುತ್ತದೆ ಎಂದೇ ಹೊರತು ಇಲ್ಲದ್ದು ಹುಟ್ಟುತ್ತದೆ ಎಂದಲ್ಲ. ಇದನ್ನೇ ತೋರಿಸಿ ಉಚಿತ ವಿದ್ಯುತ್ತಿನ ಯಂತ್ರ ಮಾರಲು, ಹಣ ಹೂಡಿಸಲು ಬಂದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಪೂರ್ತಿ ಎಲಾಸ್ಟಿಕ್ ಡಿಕ್ಕಿ ಎಲ್ಲಾದರೂ ಇದೆಯೇ?

ಇದೆ, ಆದರೆ ನಮ್ಮ ಕಣ್ಣಿಗೆ ಕಾಣದ ಅಳತೆಯಲ್ಲಿ. ಹೀಲಿಯಂನಂಥ ಅನಿಲದ ಪರಮಾಣುಗಳು ಕೋಣೆಯ ಉಷ್ಣತೆಯಲ್ಲಿ ಒಂದಕ್ಕೊಂದು ಬಡಿದುಕೊಳ್ಳುವುದು ಹೀಗೆಯೇ. ಬಲೂನಿನೊಳಗೆ ಅವು ಎಷ್ಟು ಬಾರಿ ಡಿಕ್ಕಿ ಹೊಡೆದರೂ ಸುಸ್ತಾಗಿ ತಳಕ್ಕೆ ಬೀಳುವುದಿಲ್ಲ.

ನಮ್ಮ ರಾಜ್ಯದಲ್ಲೇ ಇದರ ದೊಡ್ಡ ಬಳಕೆಯೊಂದಿದೆ. ಉತ್ತರ ಕನ್ನಡದ ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ಯುರೇನಿಯಂ ಒಡೆದಾಗ ಹೊರಬರುವ ನ್ಯೂಟ್ರಾನ್‌ಗಳು ಸೆಕೆಂಡಿಗೆ ಸುಮಾರು 20,000 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತವೆ. ಸರಣಿ ಕ್ರಿಯೆ ಮುಂದುವರಿಯಲು ಅವು ಸೆಕೆಂಡಿಗೆ ಸುಮಾರು 2 ಕಿಲೋಮೀಟರ್ ಮಟ್ಟಕ್ಕೆ ಇಳಿಯಬೇಕು. ಬ್ರೇಕ್ ಹಾಕುವುದು ಹೇಗೆ? ಕೇರಂ ಕಾಯಿಯ ಉಪಾಯದಿಂದಲೇ. ಸೀಸದಂಥ ಭಾರದ ಬೀಜಕ್ಕೆ ನೇರವಾಗಿ ಬಡಿದರೂ ನ್ಯೂಟ್ರಾನ್ ಗೋಡೆಗೆ ಬಡಿದ ಚೆಂಡಿನಂತೆ ವಾಪಸ್ ಬರುತ್ತದೆ, ಕಳೆದುಕೊಳ್ಳುವುದು ಶಕ್ತಿಯ ಶೇ. 2ರಷ್ಟನ್ನು ಮಾತ್ರ. ತನ್ನ ಎರಡರಷ್ಟೇ ತೂಕವಿರುವ ಭಾರಜಲದ ಡ್ಯುಟೀರಿಯಂಗೆ ನೇರವಾಗಿ ಬಡಿದರೆ ಒಂದೇ ಪೆಟ್ಟಿಗೆ ಒಂಬತ್ತರಲ್ಲಿ ಎಂಟು ಪಾಲು ಶಕ್ತಿ ಕೊಟ್ಟುಬಿಡುತ್ತದೆ. ಸಾಮಾನ್ಯ ನೀರಿನ ಹೈಡ್ರೋಜನ್ ಇನ್ನೂ ಹೆಚ್ಚು ಶಕ್ತಿ ಪಡೆಯುತ್ತದೆ, ಆದರೆ ಅದು ನ್ಯೂಟ್ರಾನ್‌ಗಳನ್ನೇ ಹೀರಿಕೊಳ್ಳುವ ತೊಂದರೆಯಿದೆ. ಆದ್ದರಿಂದ ಅಲ್ಲಿ ಭಾರಜಲ ಬಳಸುತ್ತಾರೆ.

ಈಗ ರಸ್ತೆಗೆ ಬರೋಣ: ಕಾರು ಪುಟಿಯಬೇಕೇ, ಮುದುಡಬೇಕೇ?

ಎಲಾಸ್ಟಿಕ್ ಡಿಕ್ಕಿಯಲ್ಲಿ ಶಕ್ತಿ ಉಳಿಯುತ್ತದೆ ಎಂದ ಮೇಲೆ ಅದೇ ಒಳ್ಳೆಯದಲ್ಲವೇ? ಕೇರಂಗೆ ಹೌದು. ಕಾರಿಗೆ ಖಂಡಿತ ಅಲ್ಲ.

ತಲಾ 1,000 ಕಿಲೋ ತೂಕದ ಎರಡು ಕಾರುಗಳು ಗಂಟೆಗೆ 60 ಕಿ.ಮೀ. ವೇಗದಲ್ಲಿ ಎದುರುಬದುರು ಬಡಿದವು ಎಂದುಕೊಳ್ಳಿ. ಒಟ್ಟು ಸಂವೇಗ ಸೊನ್ನೆ. ಎರಡೂ ಮುದುಡಿ ಅಂಟಿಕೊಂಡರೆ ಅಲ್ಲೇ ನಿಲ್ಲುತ್ತವೆ. ಪ್ರತಿ ಕಾರಿನ ವೇಗ ಬದಲಾದದ್ದು 60 ಕಿ.ಮೀ. ಅದರ ಬದಲು ಅವು ಸ್ಟೀಲ್ ಗುಂಡುಗಳಂತೆ ಪೂರ್ತಿ ಪುಟಿದರೆ ಎರಡೂ 60ರ ವೇಗದಲ್ಲಿ ಹಿಂದಕ್ಕೆ ಹೋಗುತ್ತವೆ. ಆಗ ವೇಗದ ಬದಲಾವಣೆ 120 ಕಿ.ಮೀ. ಸಂವೇಗದ ಲೆಕ್ಕ ಎರಡೂ ಸಲ ಸರಿಯೇ, ಆದರೆ ಒಳಗೆ ಕುಳಿತವರ ದೇಹಕ್ಕೆ ಬೀಳುವ ಪೆಟ್ಟು ದುಪ್ಪಟ್ಟು.

ಇನ್ನೊಂದು ಅಂಶ, ನಿಲ್ಲಲು ಸಿಗುವ ದೂರ. 60ರ ವೇಗದ ಕಾರು 10 ಸೆಂಟಿಮೀಟರಿನಲ್ಲಿ ನಿಂತರೆ ಒಳಗಿರುವವರ ಮೇಲೆ ಸರಾಸರಿ ಅವರ ತೂಕದ ಸುಮಾರು 140 ಪಟ್ಟು ಬಲ ಬೀಳುತ್ತದೆ. ಅದೇ ಕಾರಿನ ಮುಂಭಾಗ 60 ಸೆಂಟಿಮೀಟರ್ ಮುದುಡುತ್ತಾ ನಿಂತರೆ ಆ ಬಲ ಸುಮಾರು 24 ಪಟ್ಟಿಗೆ ಇಳಿಯುತ್ತದೆ. ಬಾನೆಟ್ ಭಾಗ ಮುದ್ದೆಯಾಗುವುದು ಕಾರಿನ ಸೋಲಲ್ಲ, ಅದರ ಕೆಲಸ. ಚಲನ ಶಕ್ತಿ ಲೋಹವನ್ನು ಮಡಚಲು ಖರ್ಚಾಯಿತು, ನಿಮ್ಮ ಪಕ್ಕೆಲುಬು ಮುರಿಯಲು ಅಲ್ಲ. ಮುದುಡಬಾರದ್ದು ಜನ ಕೂರುವ ಜಾಗ ಮಾತ್ರ.

ಇದು ಬರೀ ಲೆಕ್ಕವಲ್ಲ. 2009ರಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆ 1959ರ ಷೆವರ್ಲೆ ಬೆಲ್ ಏರ್ ಮತ್ತು 2009ರ ಷೆವರ್ಲೆ ಮಾಲಿಬು ಕಾರುಗಳನ್ನು ಗಂಟೆಗೆ ಸುಮಾರು 64 ಕಿ.ಮೀ. ವೇಗದಲ್ಲಿ ಎದುರುಬದುರು ಡಿಕ್ಕಿ ಹೊಡೆಸಿತು. ಹಳೆಯ ‘ಗಟ್ಟಿ’ ಕಾರಿನಲ್ಲಿ ಚಾಲಕ ಕೂರುವ ಜಾಗವೇ ಕುಸಿಯಿತು. ಅಲ್ಲಿ ನಿಜವಾದ ಮನುಷ್ಯನಿದ್ದಿದ್ದರೆ ಬದುಕುವುದು ಕಷ್ಟವಿತ್ತು. ಹೊಸ ಕಾರಿನ ಮೂತಿ ಮುದ್ದೆಯಾಯಿತು, ಆದರೆ ಚಾಲಕನ ಜಾಗ ಹಾಗೇ ಉಳಿಯಿತು. ಗೊಂಬೆಯ ಅಳತೆಗಳು ಕಾಲಿಗೆ ಗಾಯವಾಗಬಹುದಿತ್ತು ಎಂದಷ್ಟೇ ಹೇಳಿದವು. ಆ ಪರೀಕ್ಷೆಯ ವಿಡಿಯೊ ಯೂಟ್ಯೂಬ್‌ನಲ್ಲಿದೆ. ನಮ್ಮ ದೇಶದಲ್ಲೂ 2023ರ ಅಕ್ಟೋಬರ್‌ನಿಂದ ಭಾರತ್ ಎನ್‌ಕ್ಯಾಪ್ ಎಂಬ ಪರೀಕ್ಷಾ ವ್ಯವಸ್ಥೆಯಿದ್ದು, ಕಾರುಗಳಿಗೆ ಸ್ಟಾರ್ ಕೊಡುತ್ತದೆ. ಕಾರು ಕೊಳ್ಳುವಾಗ ಬಾಗಿಲಿಗೆ ಕುಟ್ಟಿ ಸದ್ದು ಕೇಳುವ ಬದಲು ಆ ಸ್ಟಾರ್ ನೋಡಿ.

ಭಾರದ ಗಾಡಿ ಸುರಕ್ಷಿತ ಎನ್ನುವುದು ಸುಳ್ಳೇ?

ಇದರಲ್ಲಿ ಅರ್ಧ ಸತ್ಯವಿದೆ. 10,000 ಕಿಲೋ ಲಾರಿ ಮತ್ತು 1,000 ಕಿಲೋ ಕಾರು 60ರ ವೇಗದಲ್ಲಿ ಎದುರುಬದುರು ಬಡಿದು ಅಂಟಿಕೊಂಡರೆ, ಸಂವೇಗದ ಲೆಕ್ಕದ ಪ್ರಕಾರ ಎರಡೂ ಲಾರಿ ಹೋಗುತ್ತಿದ್ದ ದಿಕ್ಕಿನಲ್ಲೇ ಸುಮಾರು 49ರ ವೇಗದಲ್ಲಿ ಸಾಗುತ್ತವೆ. ಲಾರಿಯ ವೇಗ ಬದಲಾದದ್ದು 11 ಕಿ.ಮೀ., ಕಾರಿನದ್ದು 109 ಕಿ.ಮೀ. ಎರಡರ ಮೇಲೂ ಬಿದ್ದ ಬಲ ಸಮ, ಆದರೆ ಪರಿಣಾಮ ಸಮವಲ್ಲ. ಹಾಗಾಗಿ ತೂಕಕ್ಕೆ ಬೆಲೆ ಇದೆ. ಆದರೆ ತೂಕ ಬೇರೆ, ಮುದುಡದಿರುವ ಗಟ್ಟಿತನ ಬೇರೆ. ಮರಕ್ಕೋ ಸೇತುವೆಯ ಕಂಬಕ್ಕೋ ಬಡಿದಾಗ ನಿಮ್ಮನ್ನು ಉಳಿಸುವುದು ಮುದುಡುವ ಮುಂಭಾಗ, ಸೀಟ್ ಬೆಲ್ಟ್ ಮತ್ತು ಏರ್‌ಬ್ಯಾಗ್. ಬೆಲ್ಟ್ ಹಾಕದಿದ್ದರೆ ಕಾರು ಮುದುಡಿ ನಿಂತರೂ ನೀವು 60ರಲ್ಲೇ ಮುಂದಕ್ಕೆ ಹೋಗುತ್ತಿರುತ್ತೀರಿ. ಹಿಂದಿನ ಸೀಟಿನಲ್ಲಿ ಕೂತವರಿಗೂ ಇದೇ ಮಾತು.

ಹೆಲ್ಮೆಟ್‌ಗೂ ಇದೇ ನಿಯಮ. ಹೊರಗಿನ ಚಿಪ್ಪಿಗಿಂತ ಒಳಗಿನ ಥರ್ಮೋಕೋಲ್‌ನಂಥ ಪದರ ಮುಖ್ಯ. ಅದು ಜಜ್ಜಿಕೊಂಡು ಶಕ್ತಿಯನ್ನು ನುಂಗುತ್ತದೆ, ಮತ್ತೆ ಪುಟಿಯುವುದಿಲ್ಲ. ಒಳಪದರವಿಲ್ಲದ ಟೋಪಿಯಂಥ ಹೆಲ್ಮೆಟ್ ಎಷ್ಟೇ ಗಟ್ಟಿಯಿದ್ದರೂ ಪೊಲೀಸರಿಂದ ಉಳಿಸೀತು, ಪೆಟ್ಟಿನಿಂದಲ್ಲ. ಐಎಸ್‌ಐ ಗುರುತಿರುವುದನ್ನೇ ಕೊಳ್ಳಿ, ಪಟ್ಟಿ ಬಿಗಿಯಿರಿ. ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ ಹೊರಗಿನಿಂದ ಚೆನ್ನಾಗಿ ಕಂಡರೂ ಬದಲಿಸಿ.

ಮುಂದಿನ ಸಲ ಇಂಥ ಫಾರ್ವರ್ಡ್ ಬಂದಾಗ

ಕಳುಹಿಸುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ.

1. ಮೊದಲ ತಳ್ಳು ಯಾರು ಕೊಟ್ಟರು? ಶಕ್ತಿ ಅಲ್ಲಿಂದಲೇ ಬಂದಿರುತ್ತದೆ.
2. ಸದ್ದು, ಬಿಸಿ, ಬಾಗುವಿಕೆ ಇದೆಯೇ? ಇದ್ದರೆ ಚಲನ ಶಕ್ತಿ ಕಡಿಮೆಯಾಗುತ್ತಿದೆ, ಅದು ಒಂದಲ್ಲ ಒಂದು ಹೊತ್ತಿಗೆ ನಿಲ್ಲುತ್ತದೆ.
3. ಮುದ್ದೆಯಾದ ಗಾಡಿಯ ಫೋಟೊದಲ್ಲಿ ಜನ ಕೂರುವ ಜಾಗ ಹೇಗಿದೆ? ಅದು ಉಳಿದಿದ್ದರೆ ಗಾಡಿ ತನ್ನ ಕೆಲಸ ಮಾಡಿದೆ.

ನಮ್ಮ ತೀರ್ಮಾನ: ಗುಂಡುಗಳು ನಿಲ್ಲದೆ ಓಡುತ್ತವೆ ಎನ್ನುವುದು ಸುಳ್ಳು. ಮುದುಡುವ ಕಾರು ಕಳಪೆ ಎನ್ನುವುದು ತಪ್ಪು ತಿಳಿವಳಿಕೆ. ಸಂವೇಗ ಪ್ರತಿ ಡಿಕ್ಕಿಯಲ್ಲೂ ಉಳಿಯುತ್ತದೆ, ಅದನ್ನು ನಾವು ಬದಲಿಸಲಾರೆವು. ಚಲನ ಶಕ್ತಿ ಎಲ್ಲಿಗೆ ಹೋಗಬೇಕು ಎಂಬುದನ್ನು ಮಾತ್ರ ಒಳ್ಳೆಯ ವಿನ್ಯಾಸ, ಬೆಲ್ಟ್ ಮತ್ತು ಹೆಲ್ಮೆಟ್‌ಗಳಿಂದ ನಾವು ತೀರ್ಮಾನಿಸಬಹುದು. ಮನೆಯ ಗ್ರೂಪಿಗೆ ಕಳುಹಿಸಬೇಕಾದ ವಿಷಯ ಇದು.